ಸ್ಕೀ ಶಾಲೆಗೆ ನಾಲ್ಕು ಜನ

ಜೋರಾಗಿ ಸಿಟ್ಟು ಮಾಡಿಕೊಳ್ಳುವುದು ನನಗೆ ಬರುವುದಿಲ್ಲ. ಸಿಟ್ಟು ಬಂದಾಗ ಪಾತ್ರೆಗಳನ್ನು ಸದ್ದಾಗದ ಹಾಗೆ ಇಡುತ್ತೇನೆ. ಆ ಶುಕ್ರವಾರ ಮಧ್ಯಾಹ್ನ ಅಬುಧಾಬಿಯ ಖಲೀಫಾ ಸಿಟಿಯ ನಮ್ಮ ಮನೆಯಲ್ಲಿ ಊಟ ಮುಗಿದ ಮೇಲೆ ನಾನು ಇಟ್ಟಷ್ಟು ಮೆತ್ತಗೆ ಯಾರೂ ಪಾತ್ರೆ ಇಟ್ಟಿರಲಾರರು. ಮೆತ್ತಗೆ ಇಟ್ಟಿದ್ದು ಯಾರಿಗೆ ತಾನೇ ಕೇಳಿಸುತ್ತದೆ?

ದುಬೈಯಿಂದ ನಮ್ಮವರ ಗೆಳೆಯರು ಹೆಂಡತಿ ಮಗನೊಂದಿಗೆ ಊಟಕ್ಕೆ ಬಂದಿದ್ದರು. ಉಡುಪಿ ಕಡೆಯವರು, ಜೆಬೆಲ್ ಅಲಿಯಲ್ಲಿ ಕೆಲಸ. ಎರಡೂ ಮನೆಯವರು ಸೇರಿ ಚಳಿಗಾಲದ ರಜೆಗೆ ಆಲ್ಪ್ಸ್ ಬೆಟ್ಟದ ಮೇಲಿನ ಒಂದು ಹಳ್ಳಿಗೆ ಸ್ಕೀಯಿಂಗ್‌ಗೆ ಹೋಗುವುದೆಂದು ಆಗಲೇ ತೀರ್ಮಾನವಾಗಿತ್ತು. ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಇಬ್ಬರು ಗಂಡಸರೂ ಬುಕಿಂಗ್ ಮಾಡುತ್ತಿದ್ದರು. ಪರದೆಯ ಮೇಲೆ ಮರದ ಮನೆಗಳು, ಸೂರಿನ ಮೇಲೆ ಮೊಸರು ಹೆಪ್ಪುಗಟ್ಟಿದಂಥ ಹಿಮ. ನಾನು ಬಡಿಸುತ್ತಾ ಬಗ್ಗಿ ಬಗ್ಗಿ ನೋಡುತ್ತಿದ್ದೆ.

"ಅಪಾರ್ಟ್‌ಮೆಂಟು ಸೆಲ್ಫ್ ಕೇಟರಿಂಗ್," ಎಂದರು ನಮ್ಮವರು. "ಒಳ್ಳೇ ಅಡಿಗೆಮನೆ ಇದೆ."

"ಅದು ಬೇಕೇ ಬೇಕು ಮಾರಾಯ್ರೆ. ಅಲ್ಲಿ ಎಂತ ಸಿಗ್ತದೆ? ಬರೀ ಚೀಸು, ಬ್ರೆಡ್ಡು. ಅತ್ತಿಗೆಯ ಸಾರು ಉಂಟಲ್ಲ, ಮತ್ತೆಂತ ಹೆದರಿಕೆ!" ಗೆಳೆಯರು ನನ್ನ ಕಡೆ ಲೋಟ ಎತ್ತಿ ತೋರಿಸಿದರು.

ಕಾನ್ವೆಂಟಿನಲ್ಲಿ ಇಂಗ್ಲಿಷ್ ವ್ಯಾಕರಣವನ್ನು ನಮ್ಮ ತಲೆಗೆ ಚೆನ್ನಾಗಿಯೇ ತುಂಬಿದ್ದರು. ಸೆಲ್ಫ್ ಅಂದರೆ ತಾನು, ತಮಗೆ ತಾವೇ. ಇಲ್ಲಿ ಆ ತಾನು ಯಾರು ಅಂತ ಆ ಮನೆಯ ಆರು ಜನರಲ್ಲಿ ಒಬ್ಬರೂ ಕೇಳಲಿಲ್ಲ.

ಆಮೇಲೆ ನಮ್ಮವರು ನನಗೆ ವಿಜ್ಞಾನ ಹೇಳಿಕೊಟ್ಟರು. "ನೋಡು, ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ. ನೀರು ಬೇಗ ಕುದಿಯುತ್ತೆ, ಆದರೆ ಅಕ್ಕಿ ಬೇಯೋಲ್ಲ. ಅದಕ್ಕೇ ಕುಕ್ಕರ್ ತಗೊಂಡೇ ಹೋಗಬೇಕು." ನಾನು ಫಿಸಿಕ್ಸ್‌ನಲ್ಲಿ ಬಿ.ಎಸ್ಸಿ. ಮಾಡಿದವಳು. ಮದುವೆಯ ಮಾತುಕತೆಯ ದಿನ ಅದು ಅವರಿಗೆ ಗೊತ್ತಿತ್ತು.

"ಸ್ಕೀ ಸ್ಕೂಲ್, ನಾಲ್ಕು ಜನ," ಎಂದು ಅವರು ಕೀಲಿ ಒತ್ತುತ್ತಿದ್ದಾಗ ನಾನು ಸೌಟು ಹಿಡಿದುಕೊಂಡೇ ಕೇಳಿದೆ. "ನಾಲ್ಕು ಅಂದರೆ?"

"ನಾವು ಗಂಡಸರಿಬ್ಬರು, ಮಕ್ಕಳಿಬ್ಬರು."

"ನಾನೂ ಕಲೀತೀನಿ."

"ನೀನಾ!" ಅವರು ತಲೆ ಎತ್ತಿದರು. "ನೀನು ಬಿದ್ದು ಕಾಲು ಮುರ್ಕೊಂಡರೆ ನಮಗೆ ಅನ್ನ ಹಾಕೋರು ಯಾರೇ?"

ಎಲ್ಲರೂ ನಕ್ಕರು. ಗೆಳೆಯರು ಮೇಜು ಕುಟ್ಟಿ ನಕ್ಕರು. ಅವರ ಹೆಂಡತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮಕ್ಕಳು ಯಾಕೆ ಅಂತ ಗೊತ್ತಿಲ್ಲದೆ ನಕ್ಕರು. ನಾನೂ ನಕ್ಕೆ. ಮತ್ತೊಂದು ಸೌಟು ಸಾರು ಹಾಕಿ ನಕ್ಕೆ. ಆ ನಗು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಎಷ್ಟು ದಿನ ಉಳಿಯಿತೆಂದರೆ, ಸಸ್ಯಾಹಾರಿಯಾದ ನನಗೂ ಆ ಮುಳ್ಳು ಏನೆಂದು ಗೊತ್ತಾಯಿತು.

ಸ್ಕೀ ನನಗೆ ಹೊಸದಲ್ಲ ಎಂದರೆ ಅವರು ಇನ್ನೂ ಜೋರಾಗಿ ನಗುತ್ತಿದ್ದರೇನೋ. ಮೈಸೂರಿನ ನಮ್ಮ ಕಾನ್ವೆಂಟಿನಲ್ಲಿ ಕಾಂಪೌಂಡಿನೊಳಗೆ ಕನ್ನಡ ಮಾತಾಡಿದರೆ ಶಿಕ್ಷೆಯಿತ್ತು. ಉದ್ದನೆಯ ಪಡಸಾಲೆಯ ಕೆಂಪು ನೆಲಕ್ಕೆ ಮೇಣ ಹಚ್ಚಿ, ಎರಡೂ ಪಾದದಡಿ ಬಟ್ಟೆ ಇಟ್ಟುಕೊಂಡು, ಜಾರುತ್ತಾ ಜಾರುತ್ತಾ ನೆಲ ಹೊಳೆಯುವವರೆಗೆ ಉಜ್ಜಬೇಕು. ನಾನು ಬಾಯಿ ತಡೆಯದವಳು, ಆ ಪಡಸಾಲೆಯ ಒಂದೊಂದು ಬಿರುಕೂ ನನಗೆ ಗೊತ್ತು. ಶಿಕ್ಷೆಯ ಹೊತ್ತಿನಲ್ಲಿ ನಮ್ಮನ್ನು ಕಾಯಲು ಕೂರುತ್ತಿದ್ದವರು ಒಬ್ಬ ಮುದುಕಿ ಸಿಸ್ಟರ್. ಯಾವುದೋ ಹಿಮದ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗ ಕಾಲಿಗೆ ಹಲಗೆ ಕಟ್ಟಿಕೊಂಡು ಶಾಲೆಗೆ ಜಾರಿಕೊಂಡು ಹೋಗುತ್ತಿದ್ದರಂತೆ. ನಾವು ಎಡವುತ್ತಾ ಉಜ್ಜುವುದನ್ನು ನೋಡಲಾರದೆ ಒಂದು ದಿನ ಎದ್ದು ಬಂದರು. ಬಿಳಿ ಅಂಗಿಯನ್ನು ಕಣಕಾಲಿನವರೆಗೆ ಎತ್ತಿ, ಹೆಬ್ಬೆರಳುಗಳನ್ನು ಒಂದಕ್ಕೊಂದು ಎದುರು ತಂದು, ಹಿಮ್ಮಡಿಗಳನ್ನು ಅಗಲ ಮಾಡಿ ನಿಂತರು. ನಿಲ್ಲಬೇಕೆಂದರೆ ಹೀಗೆ. ತಿರುಗಬೇಕೆಂದರೆ ಹೀಗೆ. ನಾವು ನೆಟ್ಟಗೆ ನಿಂತು ಬೀಳುವಾಗಲೆಲ್ಲ "ಮಂಡಿ! ಮಂಡಿ!" ಎಂದು ಕೂಗುತ್ತಿದ್ದರು. ಅಡಿಗೆಯ ಆಯಾಳಿಂದ ಕಲಿತ ಒಂದೇ ಒಂದು ಕನ್ನಡ ಪದ ಅದು. ಕನ್ನಡ ಮಾತಾಡಿದ್ದಕ್ಕೆ ಶಿಕ್ಷೆ ಅನುಭವಿಸುವ ಹುಡುಗಿಯರಿಗೆ ಕನ್ನಡದಲ್ಲಿ ಕೂಗುವುದು! ನಾವು ಮಂಡಿ ಬಗ್ಗಿಸಿ, ಪಡಸಾಲೆಯ ಈ ತುದಿಯಿಂದ ಆ ತುದಿಗೆ ಜಾರಿ, ಗೋಡೆಗೆ ಬಡಿಯುವ ಮುಂಚೆ ನಿಲ್ಲುವುದನ್ನು ಕಲಿತೆವು. ನಾಳೆ ಮತ್ತೆ ಶಿಕ್ಷೆ ಸಿಗಲಿ ಎಂದು ಬೇಕೆಂದೇ ಕನ್ನಡ ಮಾತಾಡುತ್ತಿದ್ದೆ.

ಹಾಗಾಗಿ ನನಗೆ ಹಿಮ ಬೇಕಿತ್ತು. ಕಿಟಕಿಯಿಂದ ನೋಡುವ ಹಿಮವಲ್ಲ, ಕಾಲಡಿಯ ಹಿಮ. ಮದುವೆಯಾಗಿ ಮರಳುಗಾಡಿಗೆ ಬಂದು, ವೀಸಾದಲ್ಲಿ ಹೌಸ್‌ವೈಫ್ ಎಂದು ಬರೆಸಿಕೊಂಡು ಕೂತವಳಿಗೆ ಆ ಆಸೆ ನೆನಪಿಗೇ ಬರುತ್ತಿರಲಿಲ್ಲ. ಪರದೆಯ ಮೇಲೆ ಆ ಹಳ್ಳಿಯನ್ನು ತೋರಿಸಿ, ನೀನು ಒಲೆಯ ಹತ್ತಿರ ನಿಲ್ಲು ಎಂದದ್ದೇ ತಡ, ಪೂರ್ತಿ ನೆನಪಾಯಿತು.

ಮುಂದಿನ ವಾರಗಳಲ್ಲಿ ನಾನು ರವೆ ಹುರಿದೆ, ಪುಳಿಯೋಗರೆ ಗೊಜ್ಜು ಕಾಯಿಸಿದೆ, ಸಾರಿನ ಪುಡಿ ಕುಟ್ಟಿದೆ. ಗೆಳೆಯರ ಹೆಂಡತಿ ಫೋನ್ ಮಾಡಿದಾಗ ಕೇಳಿದೆ, "ನಿನಗೆ ಜಾರಬೇಕು ಅನ್ನಿಸೋಲ್ವೇನೇ?"

"ಅಯ್ಯೋ ನಂಗೆ ಬೇಡ ಅಕ್ಕ, ಬೀಳುದು ಏಳುದು ಯಾರಿಗೆ ಬೇಕು? ನಾನು ಹೀಟರ್ ಹತ್ರ ಕೂತು ಕಾಫಿ ಕುಡೀತೇನೆ." ಮತ್ತೆ ಅವಳೇ ಹೇಳಿದಳು, "ಆದ್ರೆ ಇವರಿಗೆಲ್ಲ ಮೂರು ಹೊತ್ತು ಅಡಿಗೆ ಮಾಡ್ಲಿಕ್ಕೆ ಅಷ್ಟು ದೂರ ಹೋಗುದಾ? ಅದನ್ನು ಇಲ್ಲೇ ಮಾಡ್ತೇವಲ್ಲ, ಎಂತಕ್ಕೆ ವಿಮಾನ ಹತ್ತುದು?" ಬಿಸಿಯಾಗಿದ್ದ ಬಾಣಲೆಯ ಮುಂದೆ ನಿಂತು ನಾನು ಮೊದಲ ಸಲ ಹಾಯಾಗಿ ಉಸಿರು ಬಿಟ್ಟೆ.

ರಜೆಗೆ ಮುಂಚೆ ಕಾಲು ಪಳಗಲಿ ಎಂದು ನಮ್ಮವರು ಎಲ್ಲರನ್ನೂ ದುಬೈಯ ಹೊಸ ಮಾಲ್‌ಗೆ ಕರೆದುಕೊಂಡು ಹೋದರು. ಅದರೊಳಗೇ ಹಿಮದ ಇಳಿಜಾರು ಮಾಡಿದ್ದರು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಬಿಸಿಲು, ಒಳಗೆ ದಪ್ಪ ಗಾಜಿನಾಚೆ ಬಿಳೀ ಗುಡ್ಡ. ನಾಲ್ವರೂ ಬಾಡಿಗೆಯ ಜಾಕೆಟ್, ಬೂಟು ತೊಟ್ಟು ಒಳಗೆ ಹೋದರು. ಹೋಗುವ ಮುಂಚೆ ಅವರ ಚಪ್ಪಲಿ, ಫೋನು, ವಾಚು, ಪರ್ಸುಗಳೆಲ್ಲ ನನ್ನ ಮಡಿಲಿಗೆ ಬಂದವು. ಗೆಳೆಯರ ಹೆಂಡತಿ ಐಸ್‌ಕ್ರೀಂ ತರಲು ಹೋದಳು. ನಾನು ಗಾಜಿಗೆ ಅಂಟಿಕೊಂಡು ಕೂತೆ.

ಹೇಳಿಕೊಡುವ ಹುಡುಗ ಎರಡೂ ಕೈಯ ಬೆರಳುಗಳನ್ನು ಜೋಡಿಸಿ ಮೂರು ಮೂಲೆಯ ಆಕಾರ ಮಾಡಿ ತೋರಿಸಿದ. ಆಮೇಲೆ ಕಾಲಿನಲ್ಲೂ ಅದನ್ನೇ ಮಾಡಿದ. ಮುಂಭಾಗ ಹತ್ತಿರ, ಹಿಮ್ಮಡಿ ಅಗಲ. ನಮ್ಮ ಸಿಸ್ಟರ್ ನಿಂತ ಭಂಗಿ. ಅದೇ! ನಮ್ಮವರು ಕಂಬದ ಹಾಗೆ ನೆಟ್ಟಗೆ ನಿಂತು ಜಾರಿದರು, ಬಿದ್ದರು. ಎದ್ದರು, ಮತ್ತೆ ನೆಟ್ಟಗೆ ನಿಂತರು, ಬಿದ್ದರು. ಗಾಜಿನ ಈಚೆ ನನಗೆ ಗೊತ್ತಿಲ್ಲದೆಯೇ ಹೇಳುತ್ತಿದ್ದೆ, "ಮಂಡಿ ರೀ, ಮಂಡಿ." ಗಾಜು ದಪ್ಪ.

ನಡುವೆ ಬಿಡುವಿಗೆ ಹೊರಗೆ ಬಂದಾಗ ಮಗಳ ಮೂಗು ಕೆಂಪಾಗಿತ್ತು. "ಮಮ್ಮಾ, ವೈ ಆರ್ ಯೂ ಜಸ್ಟ್ ಸಿಟಿಂಗ್ ಹಿಯರ್?"

ನಾನು ಬಾಯಿ ತೆರೆಯುವ ಮುಂಚೆ ಅವರಪ್ಪ ಹೇಳಿದರು. "ಮಮ್ಮಿಗೆ ಇದೆಲ್ಲ ಇಷ್ಟ ಇಲ್ಲ ಪುಟ್ಟಿ. ಅವಳಿಗೆ ಚಳಿ ಆಗಿಬರೋಲ್ಲ."

ನನ್ನ ಇಷ್ಟವನ್ನೂ ಇವರೇ ಹೇಳಿಬಿಟ್ಟರು! ನಾನು ಎದ್ದು ನಿಂತೆ. ಮಡಿಲಲ್ಲಿದ್ದದ್ದನ್ನೆಲ್ಲ ಬೆಂಚಿನ ಮೇಲೆ ಸುರಿದೆ. ದುಪಟ್ಟಾ ತೆಗೆದು, ಮಡಚಿ, ನನ್ನ ಹ್ಯಾಂಡ್‌ಬ್ಯಾಗಿನ ಜೊತೆ ಅವರ ಕೈಗೆ ಕೊಟ್ಟೆ.

"ಎಲ್ಲಿಗೆ?"

"ಹಿಡ್ಕೊಳ್ಳಿ."

"ಅರೆ, ಅತ್ತಿಗೆ ಹೊರಟ್ರಲ್ಲ!" ಗೆಳೆಯರು ಕೂಗಿದರು. "ಯಲ್ಲಾ, ಹೊರಡಿ ಅತ್ತಿಗೆ, ಆಂಬುಲೆನ್ಸಿಗೆ ಹೇಳ್ಲಾ?"

"ನಿಮಗೇ ಬೇಕಾಗುತ್ತೆ, ಇರ್ಲಿ ಬಿಡಿ," ಎಂದೆ. ಅವರ ಬೆನ್ನಿಗೆಲ್ಲ ಹಿಮ ಮೆತ್ತಿಕೊಂಡಿತ್ತು.

ಕೌಂಟರಿನ ಹುಡುಗಿ ನಗುತ್ತಾ "ಫಸ್ಟ್ ಟೈಮ್, ಮೇಡಂ?" ಎಂದಳು. "ಹಿಮದ ಮೇಲೆ, ಹೌದು," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಕಮೀಜನ್ನು ಬಾಡಿಗೆಯ ಪ್ಯಾಂಟಿನೊಳಗೆ ತುರುಕಿ, ಮುದ್ದೆಯಾಗಿ ಒಳಗೆ ಹೋದೆ. ಆ ಬೂಟಿನ ಭಾರ ನನಗೆ ಗೊತ್ತಿರಲಿಲ್ಲ, ಮೊದಲು ಒಂದು ಸಲ ಕುಕ್ಕರುಬಡಿದೆ. ಮೇಣದ ನೆಲ ಕಾಲಿಗೆ ಬಟ್ಟೆ ಮಾತ್ರ ಕೇಳುತ್ತದೆ, ಹಿಮ ಹಾಗಲ್ಲ. ಎರಡನೆಯ ಸಲ ಮಂಡಿ ಬಗ್ಗಿಸಿದೆ. ಜಾರಿದೆ. ಚಿಕ್ಕ ಇಳಿಜಾರು, ಮಕ್ಕಳು ಕಲಿಯುವಂಥದ್ದು. ಕೆಳಗೆ ಬಂದು, ಹಿಮ್ಮಡಿ ಅಗಲ ಮಾಡಿ, ತಡೆಗೆ ಬಡಿಯುವ ಮುಂಚೆ ನಿಂತೆ. ಹುಡುಗ ನನ್ನ ಮಂಡಿ ತೋರಿಸಿ "ಗುಡ್ ನೀಸ್, ಮ್ಯಾಮ್!" ಎಂದ. ಗಾಜಿನಾಚೆ ನಮ್ಮವರು ನನ್ನ ಹ್ಯಾಂಡ್‌ಬ್ಯಾಗನ್ನು ಎದೆಗೊತ್ತಿಕೊಂಡು ನಿಂತಿದ್ದರು.

ಅಬುಧಾಬಿಗೆ ಮರಳುವಾಗ ಕಾರಿನಲ್ಲಿ ಅವರೇ ಮಾತು ತೆಗೆದರು. "ನಿನಗೆ ಅಷ್ಟೊಂದು ಆಸೆ ಇದೆ ಅಂತ ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ. ಸಾರು ಬಡಿಸ್ತಾ ಹೇಳಿದ್ದೆ."

"ತಮಾಷೆಗೆ ಅಂದೆ ಕಣೇ. ನೀನೂ ನಕ್ಕೆ."

"ಹೌದು, ನಕ್ಕೆ. ಇನ್ನು ನಗೋಲ್ಲ."

ಮನೆ ತಲುಪಿದೆವು. ಒಳಗೆ ಬಂದವಳೇ ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ಇಟ್ಟೆ, ಸಾರಿನ ಪಾತ್ರೆ ಇದ್ದ ಜಾಗದಲ್ಲೇ. "ನಾಲ್ಕನ್ನು ಐದು ಮಾಡಿ." ಅವರು ಮಾಡುವವರೆಗೆ ಪಕ್ಕದಲ್ಲೇ ನಿಂತಿದ್ದೆ. ಐದು ಮೂಡಿದ್ದನ್ನು ಕಣ್ಣಾರೆ ನೋಡಿದೆ.

"ಆಯ್ತು ತಾಯಿ," ಎಂದರು ಅವರು, ನನಗೇನೋ ಉಡುಗೊರೆ ಕೊಟ್ಟವರ ಹಾಗೆ. ಸಿಟ್ಟು ಇಳಿಯುತ್ತಿದ್ದದ್ದು ಮತ್ತೆ ಏರಿತು. "ಹಾಗಾದರೆ ಕುಕ್ಕರ್ ಯಾವ ಸೂಟ್‌ಕೇಸಿಗೆ?"

"ನಿಮ್ಮದಕ್ಕೆ."

"ಸರಿ. ಅಲ್ಲಿ ಹೋದ ಮೇಲೆ?"

"ಅಲ್ಲಿ ಹೋದ ಮೇಲೆ ನಿಮಗೇ ಗೊತ್ತಲ್ಲ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತೆ, ಅಕ್ಕಿ ಬೇಯೋಲ್ಲ. ಎಷ್ಟು ವಿಷಲ್ ಬೇಕು ಅಂತ ಲೆಕ್ಕ ಹಾಕಿ. ಒಂದು ದಿನ ನೀವು, ಒಂದು ದಿನ ನಿಮ್ಮ ಗೆಳೆಯರು. ಮಿಕ್ಕ ದಿನ ನೋಡೋಣ."

ಸೋಫಾದ ಮೇಲೆ ಮಲಗಿದ್ದ ಮಗಳು ತಲೆ ಎತ್ತಿದಳು. "ಪಪ್ಪಾ ಈಸ್ ಕುಕಿಂಗ್? ದೆನ್ ಕ್ಯಾನ್ ವಿ ಈಟ್ ಔಟ್?"

ಅವರು ನಕ್ಕರು. ಮಗಳೂ ನಕ್ಕಳು. ಇಬ್ಬರೂ ಅಭ್ಯಾಸದಂತೆ ನನ್ನ ಮುಖ ನೋಡಿದರು. ನಾನು ನಗಲಿಲ್ಲ. ಅವರ ನಗು ಸ್ವಲ್ಪ ಹೊತ್ತು ತಾನೇ ಓಡಿ, ನಿಂತಿತು. ಆಗ ನಮ್ಮವರು ಎದ್ದು ಅಡಿಗೆಮನೆಗೆ ಹೋಗಿ, ಕುಕ್ಕರ್ ಎಲ್ಲಿದೆ ಎಂದು ಒಂದೊಂದೇ ಬಾಗಿಲು ತೆಗೆದು ಹುಡುಕತೊಡಗಿದರು. ಎಲ್ಲಿದೆ ಎಂದು ನಾನು ಹೇಳಲಿಲ್ಲ.