ಬರೀ ಹೆಸರು ಕೂಗುವ ಪರಸಪ್ಪ

ಜಮಖಂಡಿಯ ಕೋರ್ಟಿನ ಬಾಗಿಲಲ್ಲಿ ನಿಂತು ಜವಾನ ಪರಸಪ್ಪ ಹೆಸರು ಕೂಗಿದರೆ, ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಿದ್ದವರು ಕಪ್ಪು ಕೆಳಗಿಡುತ್ತಿದ್ದರು. ಗಂಟಲು ಅಂಥದ್ದು. ನನ್ನ ಕುತೂಹಲವೆಲ್ಲ ಅವರು ಕೂಗದೆ ಬಿಡುತ್ತಿದ್ದ ಮಾತುಗಳ ಮೇಲೆ. ಗೌಡರು, ದೇಸಾಯರು, ಸಾವಕಾರರು, ಸಾಹೇಬರು, ಇವು ಯಾವುವೂ ಆ ಬಾಗಿಲಲ್ಲಿ ಅವರ ಬಾಯಿಂದ ಬರುತ್ತಿರಲಿಲ್ಲ. ಎಂಥ ದೊಡ್ಡ ಕುಳವಾದರೂ ಅವನ ಹೆಸರು, ಅವನಪ್ಪನ ಹೆಸರು, ಹಾಜರ್. ಮುಗಿಯಿತು.

ಗೇಟು ದಾಟಿದರೆ ಅದೇ ಮನುಷ್ಯ ಬೇರೆ. ಚಹಾದಂಗಡಿಯ ಬಸ್ಯಾ ಅವರಿಗೆ ‘ಸಾವ್ಕಾರ್ರು’. ಕಡ್ಡಿಯಂತಿದ್ದ ಟೈಪಿಸ್ಟ್ ‘ಹುಲಿ’. ಆಗತಾನೇ ವಕೀಲಿಕೆ ಶುರು ಮಾಡಿ, ಕರಿ ಕೋಟಿನೊಳಗೆ ಬೆವರುತ್ತಿದ್ದ ನಾನು ‘ಜಜ್ ಬಾಯಾರು’. ಒಂದು ದಿನ ಕೇಳಿಯೇಬಿಟ್ಟೆ.

“ಹೊರಗ ಇಷ್ಟ ಧಾರಾಳ ಅದೀರಿ, ಒಳಗ್ಯಾಕ್ರಿ ಇಷ್ಟ ಜುಗ್ಗತನ?”

“ಹೊರಗಿಂದು ಚ್ಯಾಷ್ಟಿ, ಬಾಯಾರ. ಸಾವ್ಕಾರ್ರ ಅಂದ್ರ ಬಸ್ಯಾ ನಗತಾನ, ಹಾಲ ಒಂಚೂರ ಹೆಚ್ಚ ಹಾಕತಾನ. ಒಳಗ ಒಬ್ಬಾಂವಗ ಸಾವ್ಕಾರ್ರ ಅಂದ್ರ ಎದರಿಗಿನಾಂವ ಅಲ್ಲೇ ಅರ್ಧಾ ಸೋತಂಗ.”

ಒಮ್ಮೆ ಯುವ ನಾಯಕನೊಬ್ಬ ಹಿಂಬಾಲಕರನ್ನು ಕಟ್ಟಿಕೊಂಡು ಬಂದ. ಬದುವಿನ ವಿಷಯಕ್ಕೆ ಅವನಿಗೂ ಅವನ ಕಾಕಾನಿಗೂ ದಾವೆ ನಡೆದಿತ್ತು. ಹುಡುಗರು ಕೇಳುತ್ತಿರುತ್ತಾರೆ, ಹೆಸರಿನ ಜೊತೆ ‘ಅಣ್ಣಾವ್ರು’ ಅಂತ ಸೇರಿಸಿ ಕೂಗಬೇಕು ಎಂಬುದು ಅವನ ಬೇಡಿಕೆ. “ಹಚ್ಚೂಣು. ಆದ್ರ ನಿಮ್ಮ ಕಾಕಾನ ಹೆಸರಿಗೂ ಹಚ್ಚಬೇಕಾಕೈತಿ,” ಎಂದರು ಪರಸಪ್ಪ. ಅವನು ಗದ್ದ ಕೆರೆದುಕೊಂಡು, “ಅಂವಗೂ ಹಚ್ಚೂದಾದ್ರ ನನಗೂ ಬ್ಯಾಡ ಬಿಡ್ರಿ,” ಎಂದ. ಪರಸಪ್ಪ ಇದನ್ನು ವಾರಗಟ್ಟಲೆ ಎಲ್ಲರಿಗೂ ಹೇಳಿ ನಕ್ಕರು.

ಆಮೇಲೆ ಕಲ್ಲವ್ವನ ದಾವೆ ಬಂತು. ಸಾವಳಗಿ ಕಡೆಯ ಹಳ್ಳಿಯೊಂದರ ಧಣಿಯ ಮನೆಯಲ್ಲಿ ಮುಸುರೆ ತಿಕ್ಕಿಯೇ ಮುದುಕಿಯಾದವಳು ಅವಳು. ಧಣಿಯ ತಂದೆ ಅವಳ ಗಂಡನಿಗೆ ಕೊಟ್ಟಿದ್ದ ಮನೆಜಾಗವನ್ನು ಈಗ ಧಣಿ ತಮ್ಮದೆನ್ನುತ್ತಿದ್ದರು. ಸೋತರೆ ಅವಳಿಗೆ ತಲೆ ಮೇಲೆ ಸೂರಿಲ್ಲ. ಅವಳ ವಕೀಲೆ ನಾನು.

ಸಾಕ್ಷಿಯ ದಿನ ಧಣಿಯ ವಕೀಲರು ಬರುವುದು ತಡವಾಗಿತ್ತು. ಪರಸಪ್ಪ ಕೂಗಿದರು: “ಶಿವಲಿಂಗಪ್ಪ ರಾಚಪ್ಪ, ಹಾಜರ್!” ಯಾರೂ ಬರಲಿಲ್ಲ. ಎರಡನೇ ಸಲವೂ ಇಲ್ಲ. ಧಣಿ ಎದುರಿನ ಬೆಂಚಿನ ಮೇಲೆಯೇ ಕೂತಿದ್ದರು, ಸುತ್ತ ಅವರ ಆಳುಗಳು. ಯಾರೂ ಮಿಸುಕಲಿಲ್ಲ. ಆಳುಗಳಿಗೆ ಆ ಹೆಸರೇ ಗೊತ್ತಿರಲಿಲ್ಲ. ಧಣಿಗೋ, ತಂದೆ ತಾಯಿ ಹೋದ ಮೇಲೆ ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಅಂದವರು ಯಾರಿದ್ದರು?

ಮೂರನೇ ಕೂಗಿಗೂ ಬರದಿದ್ದರೆ ಅವರಿಲ್ಲದೆಯೇ ಕೆಲಸ ಮುಂದುವರಿಯುತ್ತಿತ್ತು. ನಮಗೆ ಅದು ಲಾಭವೇ. ಅಷ್ಟರಲ್ಲಿ ಕಲ್ಲವ್ವ ನನ್ನ ತೋಳು ಜಗ್ಗಿ, “ಧಣ್ಯಾರ ಅಂತ ಕರೀರಿ ಅನ್ನರಿ. ಅವರಿಗೆ ತಿಳೀವಲ್ದು,” ಎಂದಳು. ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ. ಅವಳ ಮಾತು ಕಿವಿಗೆ ಬಿದ್ದಿರಬೇಕು, ಪರಸಪ್ಪ ಮೂರನೇ ಸಲ ಕೂಗಲಿಲ್ಲ. ಬೆಂಚಿನ ಹತ್ತಿರ ಹೋಗಿ ಬಗ್ಗಿ ಕೇಳಿದರು.

“ನಿಮ್ಮವ್ವ ನಿಮಗ ಏನಂತ ಕರೀತಿದ್ದರ್ರಿ?”

ಧಣಿ ತಲೆಯೆತ್ತಿದರು. “ಶಿವಲಿಂಗಾ ಅಂತಿದ್ಲು.”

“ಅದನ್ನ ಕರ್ಯಾಕತ್ತೇನ್ರಿ. ಬರ್ರಿ.”

ಒಳಗೆ ಇನ್ನೊಂದು ತಾಪತ್ರಯ ಕಾದಿತ್ತು. ದಾವೆ ಯಾರ ಮೇಲೆ ಎಂದು ನ್ಯಾಯಾಧೀಶರು ಕೇಳಿದರೆ ಕಲ್ಲವ್ವ, “ಧಣ್ಯಾರ ಮ್ಯಾಲ್ರಿ,” ಎಂದಳು. ಹೆಸರು ಹೇಳಮ್ಮ ಎಂದರೆ ಸೆರಗು ಬಾಯಿಗೆ ಹೋಯಿತು. ಗಂಡನ ಹೆಸರನ್ನಾದರೂ ಅಂದಾಳು, ಇದನ್ನು ಮಾತ್ರ ಅನ್ನಲಾರಳು. ಕೊನೆಗೆ ಎರಡೂ ಕೈ ಜೋಡಿಸಿ ಧಣಿಯತ್ತ ತೋರಿಸಿದಳು. ತನ್ನ ಜಾಗ ಕಸಿಯಲು ಬಂದವರನ್ನು ಕೈ ಮುಗಿದು ತೋರಿಸುವವಳನ್ನು ಇಟ್ಟುಕೊಂಡು ನಾನು ಹೇಗೆ ಗೆಲ್ಲಲಿ ಎಂದು ನನಗೆ ಅಳುವೇ ಬಂತು.

ಹೊರಗೆ ಬಂದಾಗ ಪರಸಪ್ಪ, “ಅವರ ಹೆಸರ ಅವರಿಗೇ ನೆನಪಿಲ್ಲ. ಈಕಿಗಿ ನೆನಪ ಐತಿ, ಬಾಯಿಗಿ ಬರವಲ್ದು. ಇಬ್ಬರೂ ಧಣಿ ಅನ್ನೂ ಒಂದ ಮಾತಿನ್ಯಾಗ ಸಿಕ್ಕೊಂಡಾರ ನೋಡ್ರಿ,” ಎಂದರು. ಆ ದಿನ ಚಹಾದಂಗಡಿಯಲ್ಲಿ ಯಾರಿಗೂ ‘ಸಾವ್ಕಾರ್ರು’ ಅನ್ನಲಿಲ್ಲ.

ತೀರ್ಪು ಕಲ್ಲವ್ವನ ಕಡೆಗೇ ಆಯಿತು. ಅಷ್ಟರಲ್ಲಿ ಪರಸಪ್ಪ ನಿವೃತ್ತರಾಗಿ ಬನಹಟ್ಟಿಯ ಮಗಳ ಮನೆ ಸೇರಿದ್ದರು. ಶ್ವಾಸಕೋಶದ ಕಾಯಿಲೆ. ಸುದ್ದಿ ಮುಟ್ಟಿಸಲು ಕಲ್ಲವ್ವನನ್ನು ಕರೆದುಕೊಂಡು ಹೋದೆ. ನಾನು ಅವರನ್ನು ನೋಡಿದ್ದು ಅದೇ ಕೊನೆ, ಮುಂದೆ ಮಳೆಗಾಲ ಹಿಡಿಯುವುದರೊಳಗೆ ಅವರು ಹೋಗಿಬಿಟ್ಟರು. ಓಣಿಯ ತುಂಬ ಪವರ್‌ಲೂಮಿನ ಸದ್ದು. ಆ ಗಂಟಲಿನ ಮಾತು ಕೇಳಲು ನಾವು ಮಂಚದ ಮೇಲೆ ಬಗ್ಗಬೇಕಾಯಿತು.

“ತೀರ್ಪ ಕೇಳಿ ಧಣ್ಯಾರ ಏನಂದ್ರಬೇ?” ಎಂದು ಪರಸಪ್ಪ ಕೇಳಿದರು.

“ಶಿವಲಿಂಗಪ್ಪ ಏನೂ ಅನ್ಲಿಲ್ರಿ,” ಎಂದಳು ಕಲ್ಲವ್ವ. “ಸುಮ್ಮ ಎದ್ದ ಹ್ವಾದ್ರು.”

ಪರಸಪ್ಪ ಮೊಣಕೈ ಊರಿ ಎದ್ದು ಕೂತರು. ಅವರಿಗೆ ಕೇಳಿಸಿತ್ತು, ಅದು ನನಗೆ ಗೊತ್ತು.

“ಜೋರ್ ಅನ್ನಬೇ. ಮಗ್ಗದ ಸಪ್ಪಳದಾಗ ಕೇಳವಲ್ದು.”

ಕಲ್ಲವ್ವ ಸೆರಗು ಸರಿಪಡಿಸಿಕೊಂಡಳು, ಉಸಿರೆಳೆದುಕೊಂಡಳು. ಈ ಸಲ ಆ ಹೆಸರು ಅಂದಾಗ ಅಡುಗೆಮನೆಯಿಂದ ಮಗಳು ಓಡಿ ಬಂದು, ಯಾರನ್ನು ಕರೆದಿರಿ ಎಂದು ಕೇಳಿದಳು.