ನಾಗಮಂಗಲದ ಪೇಟೆ ಬೀದಿಯಲ್ಲಿ ಆರಡಿ ಜಗಲಿ

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಬೆಳಿಗ್ಗೆ ಏಳೂವರೆಗೇ ಶ್ರೀರಂಗಪಟ್ಟಣದ ಬಸ್ ನಿಲ್ದಾಣಕ್ಕೆ ಹೋಗಿ ನಿಂತೆ. ಕೈಚೀಲದಲ್ಲಿ ಒಂದು ಪಂಚೆ, ಒಂದು ಟವೆಲ್ಲು, ನೂರಡಿಯ ಟೇಪು. ಜಮೀನು ಅಳೆಯುವ ಮೋಜಣಿ ಕೆಲಸದಿಂದ ನಿವೃತ್ತನಾಗಿ ಮೂರು ವರ್ಷವಾದರೂ ಟೇಪು ನನ್ನನ್ನು ಬಿಟ್ಟಿಲ್ಲ. ನಾಗಮಂಗಲದಿಂದ ತಂಗಿ ಜಯಮ್ಮ ಕಾಗದ ಬರೆದಿದ್ದಳು: ಪೇಟೆ ಬೀದಿ ಅಗಲ ಮಾಡುತ್ತಾರಂತೆ, ನಮ್ಮ ಪಡಸಾಲೆ ಹೋಗುತ್ತದಂತೆ, ಇವರು ಸರಿಯಾಗಿ ಊಟ ಮಾಡುತ್ತಿಲ್ಲ, ಬಂದು ಅಳೆದು ನೋಡಣ್ಣ. ಅವಳ ಗಂಡ ನಿಂಗೇಗೌಡ ಊಟ ಬಿಡುವ ಆಸಾಮಿಯೇ ಅಲ್ಲ. ಅದನ್ನು ಓದಿಯೇ ನನಗೆ ಗಾಬರಿಯಾಗಿದ್ದು.

ಪಾಂಡವಪುರದ ಹತ್ತಿರ ಕಬ್ಬಿನ ಗಾಡಿಗಳು ರಸ್ತೆ ತುಂಬಿಕೊಂಡು ಮುಕ್ಕಾಲು ಗಂಟೆ ತಿಂದವು. ಪಕ್ಕದಲ್ಲಿ ಕೆ.ಆರ್. ಪೇಟೆಯ ಬಿತ್ತನೆ ಬೀಜದ ವ್ಯಾಪಾರಿಯೊಬ್ಬರು ಕೂತಿದ್ದರು. ನಾನು ಹೊರಟ ಕಾರಣ ಕೇಳಿ, "ಬೀದಿ ಅಗಲ ಆಗ್ಲೇಬೇಕು ಕಣಣ್ಣ. ಲಾರಿ ಒಳೀಕ್ ಬರ್ದಿದ್ರೆ ಯಾಪಾರ ಎಲ್ಲಿಂದ ಬಂದಾತು?" ಎಂದರು. ನಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗಾದರೆ ಹಳೇ ಕಟ್ಟಡಗಳ ಪಕ್ಕ ಒಂದು ಗೋಡೆ ಎಬ್ಬಿಸಬೇಕಾದರೂ ಅಪ್ಪಣೆ ಬೇಕು, ನಾಗಮಂಗಲದಲ್ಲಿ ನಿಂತಿರುವ ಗೋಡೆಯನ್ನೇ ಕೆಡವಿ ಎನ್ನುತ್ತಾರೆ, ಎಲ್ಲಿದ್ದರೂ ಸುಖವಿಲ್ಲ ನೋಡಿ ಎಂದೆ. ಅವರು ಜೋರಾಗಿ ನಕ್ಕು ಅರ್ಧ ಸೀಬೆಹಣ್ಣು ಕೊಟ್ಟರು. ಹಣ್ಣು ಬಲು ಚೆನ್ನಾಗಿತ್ತು.

ಪಾಂಡವಪುರದಲ್ಲಿ ಇಡ್ಲಿ ತಿಂದು ಬಸ್ಸು ಬದಲಿಸಿದೆ. ಅಲ್ಲಿಂದ ಮುಂದೆ ನೆಲ ಏರುತ್ತ ಹೋಗುತ್ತದೆ. ಗದ್ದೆ ಮುಗಿದು ಕಲ್ಲುಗುಡ್ಡ, ಹೊಲ, ತೆಂಗಿನ ತೋಟ ಬರುತ್ತವೆ. ಎಲ್ಲ ಕಣದಲ್ಲೂ ರಾಗಿ ಬಡಿಯುತ್ತಿದ್ದರು. ಬಿಸಿಲಿದ್ದರೂ ಗಾಳಿ ತಣ್ಣಗಿತ್ತು. ಒಂದು ಒಳ್ಳೆಯ ನಿದ್ದೆ ತೆಗೆದು ಹನ್ನೊಂದೂವರೆಗೆ ನಾಗಮಂಗಲದಲ್ಲಿ ಇಳಿದೆ.

ಪೇಟೆ ಬೀದಿ ನೋಡಿ ನಗು ಬಂತು. ಗೋಡೆಗಳ ಮೇಲೆಲ್ಲ ಕೆಂಪು ಬಣ್ಣದ ಅಂಕಿಗಳು. ಒಂದು ಅಂಗಡಿಗೆ ಮೂರು, ಅದಕ್ಕಂಟಿದ ಅಂಗಡಿಗೆ ಎಂಟು, ನನ್ನ ತಂಗಿಯ ಮನೆಗೆ ಹನ್ನೆರಡು! ಯಾವ ಕಟ್ಟಡ ಎಷ್ಟಡಿ ಹೋಗಬೇಕು ಎಂಬ ಲೆಕ್ಕ ಅದು. ಆದರೆ ಸಾಲಾಗಿ ನಿಂತ ಮನೆಗಳಲ್ಲಿ ಹೀಗೇಕೆ?

"ಅಯ್ಯೋ, ಅದನ್ಯಾಕ್ ಕೇಳ್ತೀಯ ಬುಡು ಬಾವ," ಎಂದ ನಿಂಗೇಗೌಡ. ದಸರಾ ಮುಗಿದ ಮೇಲೆ ಕಚೇರಿಯವರು ಬಂದು ಅಂಕಿ ಬರೆದು ಹೋಗಿದ್ದರಂತೆ. ದೀಪಾವಳಿ ಬಂತು. ಪದ್ಧತಿ ಪ್ರಕಾರ ಇಡೀ ಬೀದಿ ಸುಣ್ಣ ಬಳಿಯಿತು, ಅಂಕಿಗಳ ಮೇಲೂ ಬಳಿಯಿತು. ಆಮೇಲೆ ಭಯ ಹತ್ತಿ, ಅವರವರೇ ನೆನಪಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದುಕೊಂಡರು. ಬುದ್ಧಿವಂತರಿಗೆಲ್ಲ ಚಿಕ್ಕ ಅಂಕಿಯೇ ನೆನಪಿತ್ತು. ನಮ್ಮ ಗೌಡ, ಕಳ್ಳ ಅನ್ನಿಸಿಕೊಳ್ಳಬಾರದೆಂದು, ಒಂದಿಷ್ಟು ಧಾರಾಳವಾಗಿಯೇ ಬರೆದಿದ್ದ.

ನೋಟೀಸು ತರಿಸಿ ಓದಿದೆ. ರಸ್ತೆಯ ನಡುವಿನಿಂದ ಆಚೆಗೆ ಇಪ್ಪತ್ತಡಿ, ಈಚೆಗೆ ಇಪ್ಪತ್ತಡಿ. ಉಳಿದ ಕಟ್ಟಡವನ್ನು ಯಾರು ಯಾವ ರೀತಿ ಸರಿಪಡಿಸಿಕೊಳ್ಳುತ್ತಾರೋ ಸೋಮವಾರದೊಳಗೆ ನಕ್ಷೆ ಕೊಡಬೇಕು. ಟೇಪು ಬಿಚ್ಚಿ ಎರಡು ಸಲ ಹಿಡಿದೆ. ಗೌಡನ ಪಾಲಿಗೆ ಹೋಗುವುದು ಬರೀ ಆರಡಿ. ಜಗಲಿ ಮಾತ್ರ. ಗೋಡೆ, ಬಾಗಿಲು, ಪಡಸಾಲೆ ಎಲ್ಲ ಕ್ಷೇಮ.

"ಬದುಕ್ಕಂಡೆ ಕಣ್ ಬಾವ!" ಎಂದು ಗೌಡ ನನ್ನ ಬೆನ್ನಿಗೆ ಗುದ್ದಿದ ರಭಸಕ್ಕೆ ಟೇಪು ಕೈಜಾರಿತು.

ಟೇಪನ್ನು ಎತ್ತಿಕೊಟ್ಟವನು ಬಾಷ. ಅದೇ ಜಗಲಿಯ ಮೇಲೆ ಕೂತು ಇಪ್ಪತ್ತೆರಡು ವರ್ಷದಿಂದ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಿರುವವನು. ಇದ್ದಿಲ ಒಲೆ, ತಿದಿ, ತವರದ ಕಡ್ಡಿ, ಇಷ್ಟೇ ಅವನ ಅಂಗಡಿ. ಬಾಡಿಗೆ ಕೇಳಿದವರಿಲ್ಲ. ಆ ಬೀದಿಯಲ್ಲಿ ಜಗಲಿ ಎಂದರೆ ಸಂತೆಗೆ ಬಂದವರು ಗಂಟು ಇಳಿಸುವ ಜಾಗ, ಯಾರೂ ಯಾರನ್ನೂ ಏಳು ಎನ್ನುವುದಿಲ್ಲ.

"ಬಸ್ ಸ್ಟ್ಯಾಂಡ್ ತಾವ ಮಳಿಗೆ ಕಟ್ತಾವ್ರಲ್ಲ, ಕೇಳ್ಲಿಲ್ವೇನಪ್ಪಾ?" ಎಂದೆ.

"ಕೇಳ್ದೆ ಸಾಮಿ. ಒಗೆ ಬರೋ ಕಸುಬ್ನೋರ್ಗೆ ಕೊಡಾಕಿಲ್ಲ ಅಂದ್ಬುಟ್ರು. ಇರ್ಲಿ, ಖುದಾ ಅವ್ನೆ. ಗೌಡ್ರ ಮನೆ ಉಳೀತಲ್ಲ, ಅಷ್ಟ್ ಸಾಕು."

ಅವನು ಅದನ್ನು ಮನಸಾರೆ ಹೇಳಿದ. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಅಳೆದವನು ನಾನಲ್ಲವೇ?

ಮಧ್ಯಾಹ್ನ ಜಯಮ್ಮ ಹಿತುಕಿದ ಅವರೆಬೇಳೆ ಸಾರು, ಮುದ್ದೆ ಬಡಿಸಿದಳು. ಪಡಸಾಲೆ ಉಳಿದ ಮೇಲೂ ಗೌಡ ಒಂದೇ ಮುದ್ದೆಗೆ ಕೈ ತೊಳೆಯಲು ಹೊರಟ.

"ಇನ್ನೇನ್ ಬಂತು ನಿಮ್ಗೆ?" ಎಂದಳು ತಂಗಿ.

"ಬಾಷ ಎಲ್ಲೋಯ್ತಾನೆ ಅಂತ."

ಜಯಮ್ಮ ಸೌಟು ಹಿಡಿದೇ ಪಡಸಾಲೆಗೆ ಹೋಗಿ ಸುತ್ತ ನೋಡಿದಳು. ಅಲ್ಲಿದ್ದದ್ದು ಎರಡು ಬೆತ್ತದ ಕುರ್ಚಿ, ಒಂದು ಬೆಂಚು, ಗೋಡೆ ಗಡಿಯಾರ. "ಅಣ್ಣ, ಗೋಡೆ ಮ್ಯಾಗೆ ಅನ್ನೆರಡು ಅಂತ ಬರ್ದೈತಲ್ಲ, ಅಂಗೇ ಇರ್ಲಿ. ಆರಡಿ ಬೀದೀಗೆ ಬುಡಾನ, ಇನ್ನಾರಡಿ ಪಡಸಾಲೇಲಿ ಜಗ್ಲಿ ಕಟ್ಸಾನ. ಬಂದೋರು ನಡುಮನೇಲಿ ಕೂತ್ಕತಾರೆ."

"ಪಡಸಾಲೆ ಉಳೀಲಿ ಅಂತ ನನ್ನ ಕರೆಸ್ದೋಳು ನೀನೇ ಅಲ್ವೇನೇ?" ಎಂದು ರೇಗಿದೆ.

"ಓಗೋದೇ ಅಂತ ಎರಡ್ ತಿಂಗ್ಳಿಂದ ಅತ್ತಿದ್ದಾಗೈತೆ. ಈಗ ಓದ್ರೆ ಏನು?"

ಗೌಡ ಎದ್ದವನು ಮತ್ತೆ ಕೂತು, "ಇನ್ನೊಂದ್ ಮುದ್ದೆ ಇಕ್ಕಮ್ಮಿ," ಎಂದ.

ಊಟವಾದ ಮೇಲೆ ನಕ್ಷೆ ಬರೆಯಲು ಕೂತೆ. ಸುದ್ದಿ ಕೇಳಿದ ಬಾಷ ತಲೆ ಮೇಲಿನ ಟೋಪಿ ತೆಗೆದು ಒದರಿ ಮತ್ತೆ ಹಾಕಿಕೊಂಡ. ಆಮೇಲೆ ನಕ್ಷೆಯ ಮೇಲೆ ಬಗ್ಗಿ, "ಸಾಮಿ, ಒಲೆ ತಾವ ಒಂದು ಕಿಂಡಿ ಬುಡಿ. ಒಗೆ ಅಕ್ಕಯ್ಯನ್ ಅಡ್ಗೆಮನೇಗೆ ಓಗ್ಬಾರ್ದು," ಎಂದ.

"ಲೇ, ಇನ್ನೂ ಗೋಡೆ ಬಿದ್ದಿಲ್ಲ ಕಣ್ಲಾ, ಆಗ್ಲೇ ಯಜಮಾನ್ಕೆ ನೋಡು!" ಎಂದು ಗೌಡ ಗದರಿದ. ಕಿಂಡಿ ಬರೆದೆ.

ನಾಲ್ಕೂವರೆಯ ಬಸ್ಸಿಗೆ ಮೂವರೂ ಬಂದು ಹತ್ತಿಸಿದರು. ಕಿಟಕಿ ಪಕ್ಕ ಸೀಟು ಸಿಕ್ಕಿತ್ತು, ಹೊಟ್ಟೆ ತುಂಬಿತ್ತು, ಆದರೂ ಬರುವಾಗ ಬಂದಂಥ ನಿದ್ದೆ ಬರಲಿಲ್ಲ. ಮೂವತ್ತೈದು ವರ್ಷ ಈ ಸೀಮೆಯ ಹೊಲ, ಮನೆ ಅಳೆದಿದ್ದೇನೆ. ಗೇಣು ಜಾಗಕ್ಕೆ ಗಡಿಕಲ್ಲು ಕಿತ್ತು ಮುಂದಕ್ಕೆ ನೆಟ್ಟ ಎಷ್ಟೋ ಮಂದಿಯನ್ನು ಕಂಡಿದ್ದೇನೆ. ತಾವಾಗಿ ಹಿಂದಕ್ಕೆ ಸರಿದು ನಿಂತವರಿಗೆ ಟೇಪು ಹಿಡಿದದ್ದು ಇದೇ ಮೊದಲು. ಅದೂ ನನ್ನ ತಂಗಿಯ ಮನೆಗೆ.