ವಿಳಾಸವಿದ್ದ ಮೂಕರ್ಜಿ

ಶಿಕ್ಷಕರ ದಿನ ಬಂತೆಂದರೆ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಗುರುಭಕ್ತಿಯ ಜ್ವರ ಏರುತ್ತದೆ. ಬೆಳಗ್ಗೆ ಆರಕ್ಕೇ ಗುಲಾಬಿ ಹೂ, ಉರಿಯುವ ದೀಪ, ಮುಗಿದ ಕೈ. ಒಂಬತ್ತರ ಹೊತ್ತಿಗೆ ಯಾರಾದರೊಬ್ಬರು ನಮ್ಮ ಇಂಗ್ಲಿಷ್ ಅಕ್ಕೋರನ್ನು ನೆನೆಯುತ್ತಾರೆ. ಅವರು ಇರದಿದ್ದರೆ ನಾವು ಎಲ್ಲಿರುತ್ತಿದ್ದೆವೋ ಎಂದು ಒಬ್ಬ ಬರೆದರೆ ಉಳಿದವರೆಲ್ಲ ಸಾಲಾಗಿ ಕೈ ಮುಗಿಯುತ್ತಾರೆ. ಅವರನ್ನು ಶಾಲೆಯಿಂದ ಕಳಿಸಿದ್ದು ನಮ್ಮ ಅಪ್ಪಂದಿರೇ ಎಂಬುದು ಆ ಗುಂಪಿನಲ್ಲಿ ಯಾರಿಗೂ ನೆನಪಿಲ್ಲ. ನನಗೆ ನೆನಪಿದೆ, ಏಕೆಂದರೆ ಆ ಕೆಲಸಕ್ಕೆ ಪೆನ್ನು ಹಿಡಿದವಳು ನಾನು.

ನವನಗರದಿಂದ ರಾಯಾಪುರದ ಕಡೆಗೆ ಹೋಗುವ ದಾರಿಯಲ್ಲಿತ್ತು ನಮ್ಮ ಕನ್ನಡ ಶಾಲೆ. ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಎನ್ನುವುದು ನಮ್ಮ ಕಡೆಯ ರೂಢಿ. ಆದರೆ ನಾನು ಒಂಬತ್ತನೆಯ ತರಗತಿಗೆ ಬಂದ ವರ್ಷ ಇಂಗ್ಲಿಷ್ ಕಲಿಸಲು ಹೊಸಬರು ಬಂದಾಗ, ಇವರನ್ನು ಮಾತ್ರ ಮೇಡಂ ಎನ್ನಬೇಕೆಂದು ಹೆಡ್ ಮಾಸ್ತರರು ಪ್ರಾರ್ಥನೆಯ ಸಾಲಿನಲ್ಲೇ ಅಪ್ಪಣೆ ಮಾಡಿದರು. ಇಂಗ್ಲಿಷಿಗೆ ಕನ್ನಡದ ಮೈಲಿಗೆ ತಟ್ಟಬಾರದೆಂದು ಅವರ ಕಾಳಜಿ. ಕೆಲಗೇರಿಯಿಂದ ಎರಡು ಬಸ್ಸು ಬದಲಿಸಿ, ಬೆವರೊರೆಸಿಕೊಳ್ಳುತ್ತ ತರಗತಿಗೆ ಬಂದ ಆ ಸಣ್ಣ ಮೈಕಟ್ಟಿನವರು ಮೊದಲ ದಿನವೇ ಆ ಅಪ್ಪಣೆಯನ್ನು ಮುರಿದರು.

"ಮೇಡಂ ಅಂದ್ರ ನನ್ನ ಹಿಂದ ಮತ್ಯಾರೋ ನಿಂತಾರೇನೋ ಅಂತ ತಿರುಗಿ ನೋಡಬೇಕನಸ್ತೈತಿ. ಅಕ್ಕೋರ ಅನ್ರಿ, ಸಾಕು."

ಅಕ್ಕೋರ ನೌಕರಿ ಕಾಯಂ ಆಗಿರಲಿಲ್ಲ. ಶಾಲೆಯ ಆಡಳಿತ ಮಂಡಳಿ ಬರುವ ಜೂನಿನಲ್ಲಿ ಕಾಯಂ ಮಾಡುತ್ತೇವೆಂದು ಮಾತು ಕೊಟ್ಟಿತ್ತು. ಅದೊಂದೇ ಭರವಸೆಯ ಮೇಲೆ ಅವರು ದಿನಾ ಹೋಗಿಬರುವ ನಾಲ್ಕು ಬಸ್ಸಿನ ತ್ರಾಸು ಪಡುತ್ತಿದ್ದಾರೆಂಬುದು ನಮಗೂ ಗೊತ್ತಿತ್ತು. ಶಾಲೆಯ ಸಿಪಾಯಿ ಕಾಕಾ ಇಂಥ ಸುದ್ದಿಗಳನ್ನು ಗಂಟೆ ಬಾರಿಸುವ ನಡುವೆ ನಮಗೆ ಹಂಚುತ್ತಿದ್ದ.

ಅವರಿಗಿಂತ ಮೊದಲು ಇಂಗ್ಲಿಷ್ ಎಂದರೆ ಸುಲಭದ ವಿಷಯವಾಗಿತ್ತು. ಮಾಸ್ತರರು ಪ್ರಶ್ನೆ, ಉತ್ತರ ಎರಡನ್ನೂ ಹಲಗೆಯ ಮೇಲೆ ಬರೆಯುವುದು, ನಾವು ಇಳಿಸಿಕೊಳ್ಳುವುದು, ಪರೀಕ್ಷೆಯ ಹಿಂದಿನ ವಾರ ಬಾಯಿಪಾಠ ಮಾಡುವುದು. ಅರ್ಥದ ಗೋಜಿಗೆ ಗುರುವೂ ಹೋಗುತ್ತಿರಲಿಲ್ಲ, ಶಿಷ್ಯರೂ ಹೋಗುತ್ತಿರಲಿಲ್ಲ. ಅಕ್ಕೋರು ಬಂದವರೇ ಶನಿವಾರಕ್ಕೊಂದು ಪತ್ರ ಎಂಬ ಹೊಸ ಪದ್ಧತಿ ಶುರು ಮಾಡಿದರು. ಪ್ರತಿಯೊಬ್ಬರೂ ನಿಜವಾದ ಒಬ್ಬ ಮನುಷ್ಯನಿಗೆ, ನಿಜವಾದ ಸಂಗತಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದು, ನಿಜವಾಗಿಯೂ ಟಪಾಲಿಗೆ ಹಾಕಬೇಕು. ಹಾಳೆಯ ಮೇಲ್ತುದಿಯಲ್ಲಿ ಮೊದಲು ನಮ್ಮ ಹೆಸರು, ನಮ್ಮ ಮನೆಯ ವಿಳಾಸ. ಅದಿಲ್ಲದ ಹಾಳೆಯನ್ನು ಅವರು ಓದುತ್ತಲೇ ಇರಲಿಲ್ಲ.

"ನೀವ್ಯಾರು ಅಂತ ಮೊದಲ ಹೇಳ್ರಿ, ಏನು ಬೇಕು ಅಂತ ಆಮ್ಯಾಲೆ ಹೇಳ್ರಿ. ಇಂಗ್ಲಿಷಿನಾಗ ತಪ್ಪಾದ್ರ ನಾ ತಿದ್ದತೇನಿ. ಹೆಸರು ಬರಿಯಾಕ ಹೆದರಿದ್ರ ಅದನ್ನ ತಿದ್ದಾಕ ನನಗ ಬರೂದಿಲ್ಲ" ಎನ್ನುತ್ತಿದ್ದರು.

ನಾವು ಬರೆದೆವು. ರಾಯಾಪುರದಲ್ಲಿ ಗ್ಯಾರೇಜು ಇಟ್ಟಿದ್ದ ಸಾಹೇಬರ ಮಗ ಕೆಲಗೇರಿ ಕೆರೆಯಲ್ಲಿ ಬೆಳೆದ ಜೊಂಡಿನ ಬಗ್ಗೆ ಸರ್ಕಾರಕ್ಕೆ ಬರೆದ. ನಾನು ನಮ್ಮ ನಿಲ್ದಾಣದಲ್ಲಿ ನಿಲ್ಲಿಸದೆ ಹೋಗುವ ಬಸ್ಸಿನ ಬಗ್ಗೆ ಡಿಪೋಗೆ ಬರೆದೆ. ಸಾಹೇಬರ ಮಗನಿಗೆ ಎರಡು ತಿಂಗಳ ಮೇಲೆ ಉತ್ತರವೇ ಬಂತು, 'ಪರಿಶೀಲಿಸಲಾಗುವುದು' ಎಂದು. ಜೊಂಡು ಇದ್ದಲ್ಲೇ ಇತ್ತು, ಆದರೆ ಸರ್ಕಾರ ಅವನ ಹೆಸರು ಬರೆದು ಕಳಿಸಿದ ಲಕೋಟೆಯನ್ನು ಅವನು ಒಂದು ವಾರ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದ. ಇಂಗ್ಲಿಷ್ ಎಂದರೆ ಪರೀಕ್ಷೆ ಅಲ್ಲ, ಅದರಿಂದ ಯಾರನ್ನಾದರೂ ಮಾತಾಡಿಸಬಹುದು ಎಂದು ನನಗೆ ಹೊಳೆದದ್ದು ಆ ವರ್ಷ. ನಾನು ಅಕ್ಕೋರನ್ನು ತುಂಬಾ ಪ್ರೀತಿಸುತ್ತಿದ್ದೆ.

ತೊಂದರೆ ಬಂದದ್ದು ನೋಟ್‌ಬುಕ್ಕಿನಿಂದ. ಬರೆದದ್ದೆಲ್ಲ ಟಪಾಲಿಗೆ ಹೋದರೆ ನೋಟ್‌ಬುಕ್ಕು ಖಾಲಿ ಉಳಿಯದೆ ಏನಾದೀತು? ಪಕ್ಕದ ಶಾಲೆಯ ಮಕ್ಕಳದು ದೀಪಾವಳಿಗೇ ತುಂಬಿ ಎರಡನೆಯದು ಶುರುವಾಗಿತ್ತು. ಅಪ್ಪನದು ಕಾಳಿನ ವ್ಯಾಪಾರ. ಚೀಲವನ್ನು ತುಸು ಎತ್ತಿ ನೋಡಿಯೇ ತೂಕ ಹೇಳುವವರು, ನನ್ನ ಇಂಗ್ಲಿಷ್ ನೋಟ್‌ಬುಕ್ಕನ್ನೂ ಹಾಗೇ ಎತ್ತಿ ನೋಡಿದರು.

"ಇದ್ರಾಗ ಏನೂ ಇಲ್ಲಲ್ಲ!"

ಮುಂದಿನ ರವಿವಾರ ನಮ್ಮ ಪಡಸಾಲೆಯಲ್ಲಿ ಮೂವರು ಅಪ್ಪಂದಿರು ಸೇರಿದರು. ನಮ್ಮಪ್ಪ, ಗ್ಯಾರೇಜು ಸಾಹೇಬರು, ಒಬ್ಬ ಹತ್ತಿ ವ್ಯಾಪಾರಿ. ಗಿರಮಿಟ್ಟು ತಿನ್ನುತ್ತ, ಅಕ್ಕೋರು ಮಕ್ಕಳ ಬಾಳು ಹಾಳು ಮಾಡುತ್ತಿದ್ದಾರೆಂದು ಒಮ್ಮತಕ್ಕೆ ಬಂದರು. ಮಂಡಳಿಯ ಚೇರ್ಮನ್ನರಿಗೆ ಅರ್ಜಿ ಹೋಗಬೇಕು, ಆದರೆ ಹೆಸರು ಹಾಕುವ ಧೈರ್ಯ ಮೂವರಲ್ಲಿ ಒಬ್ಬರಿಗೂ ಇಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವವರಿಗಾಗಿಯೇ ನಮ್ಮ ನಾಡಿನಲ್ಲಿ ಮೂಕರ್ಜಿ ಎಂಬ ಸೌಕರ್ಯವಿದೆ. ಬರೆದವರ ಹೆಸರಿಲ್ಲದ, ಸಹಿಯಿಲ್ಲದ ಅರ್ಜಿ.

"ಕನ್ನಡದಾಗ ಬರದ್ರ ಚೇರ್ಮನ್ನರು ಓದಿ ಒಗದಬಿಡ್ತಾರ್ರಿ" ಎಂದರು ಹತ್ತಿ ವ್ಯಾಪಾರಿ. "ಇಂಗ್ಲಿಷಿನಾಗ ಬರದ್ರ ಹೆದರ್ತಾರ."

"ಖರೇ ಐತ್ರಿ" ಎಂದರು ಸಾಹೇಬರು. "ಆದ್ರ ಇಂಗ್ಲಿಷಿನಾಗ ಬರಿಯವರ್ಯಾರು?"

ಮೂವರೂ ನನ್ನನ್ನು ನೋಡಿದರು. ಇವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಅರ್ಜಿಯನ್ನು ಇಂಗ್ಲಿಷಿನಲ್ಲಿ ಇವಳೇ ಬರೆಯಬೇಕು! ಅದು ಅವರಲ್ಲಿ ಒಬ್ಬರಿಗೂ ವಿಚಿತ್ರ ಎನಿಸಲಿಲ್ಲ. ನಾನಾದರೂ ಒಲ್ಲೆ ಎನ್ನಬಹುದಿತ್ತು. ಹಾಗೆನ್ನಲಿಲ್ಲ. ಮೂವರು ದೊಡ್ಡವರು ನನ್ನ ಪೆನ್ನಿನ ತುದಿ ನೋಡುತ್ತ ಕೂತಿದ್ದರಲ್ಲ, ಆ ಹೊತ್ತಿಗೆ ನನಗೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಿತ್ತು. ಅಪ್ಪ ಹೇಳುತ್ತ ಹೋದರು, ನಾನು ಇಂಗ್ಲಿಷ್ ಮಾಡುತ್ತ ಹೋದೆ. ಬೇಜವಾಬ್ದಾರಿತನಕ್ಕೆ ಇರುವ ಇಂಗ್ಲಿಷ್ ಮಾತನ್ನು ಬಸ್ ಡಿಪೋದ ಪತ್ರ ಬರೆಯುವಾಗ ಅಕ್ಕೋರೇ ಕಲಿಸಿದ್ದರು. ಅದನ್ನು ಅವರ ಮೇಲೆಯೇ ಪ್ರಯೋಗಿಸಿದೆ.

"ಕೆಳಗ ಸಹಿ ಮಾಡಬ್ಯಾಡ ಮತ್ತ" ಎಂದರು ಅಪ್ಪ. ಮಾಡಲಿಲ್ಲ. ಅಪ್ಪ ಹಾಳೆಯನ್ನು ದೂರ ಹಿಡಿದು, ಅಕ್ಷರ ದುಂಡಗಿವೆಯೆಂದು ಮೆಚ್ಚಿ, ಲಕೋಟೆಗೆ ಹಾಕಿದರು.

ಹದಿನೈದು ದಿನಕ್ಕೆ ಶಾಲೆಯಲ್ಲಿ ಪಾಲಕರ ಸಭೆ ಕರೆದರು. ಎದುರಿನ ಕುರ್ಚಿಗಳಲ್ಲಿ ಅಪ್ಪಂದಿರು, ಮೇಜಿನ ಹಿಂದೆ ಚೇರ್ಮನ್ನರು ಮತ್ತು ಹೆಡ್ ಮಾಸ್ತರರು, ಪಕ್ಕದಲ್ಲಿ ಅಕ್ಕೋರು. ನೋಟ್‌ಬುಕ್ಕು ತೋರಿಸಲು ನಮ್ಮನ್ನು ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಚೇರ್ಮನ್ನರು ಕಿಸೆಯಿಂದ ಅರ್ಜಿ ತೆಗೆದು ಹೆಡ್ ಮಾಸ್ತರರ ಮುಂದೆ ಹಿಡಿದರು. ಹೆಡ್ ಮಾಸ್ತರರು ಚಾಳೀಸು ಮನೆಯಲ್ಲಿ ಮರೆತು ಬಂದಿದ್ದರು. ಚೇರ್ಮನ್ನರದೂ ಮನೆಯಲ್ಲೇ ಇತ್ತು. ಕನ್ನಡ ಪೇಪರನ್ನು ಬರಿಗಣ್ಣಿನಲ್ಲಿ ಓದುವ ಇವರಿಗೆ ಇಂಗ್ಲಿಷ್ ಕಂಡೊಡನೆ ಚಾಳೀಸು ಬೇಕಾಗುತ್ತಿತ್ತು.

"ಅಕ್ಕೋರ, ನೀವ ಓದಿ ಕನ್ನಡದಾಗ ಹೇಳಿಬಿಡ್ರಿ" ಎಂದರು ಚೇರ್ಮನ್ನರು.

ಅಕ್ಕೋರು ಹಾಳೆ ಬಿಡಿಸಿದರು. ಗೋಡೆಗೆ ನಿಂತಿದ್ದ ನನಗೆ ಅದರ ಮೇಲ್ತುದಿ ಕಂಡಿತು. ಸಹಿ ಮಾಡಬೇಡ ಎಂದದ್ದಕ್ಕೆ ಕೆಳಗೆ ಮಾಡಿರಲಿಲ್ಲ. ಆದರೆ ಮೇಲೆ, ಇಡೀ ವರ್ಷದ ರೂಢಿಯಂತೆ, ನನ್ನ ಹೆಸರು, ಅಪ್ಪನ ಹೆಸರು, ನವನಗರದ ನಮ್ಮ ಮನೆಯ ವಿಳಾಸ ಮೂರು ಸಾಲಿನಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು.

ಅಕ್ಕೋರು ಅದನ್ನು ಓದಿದರು. ಅವರ ಕಣ್ಣು ಆ ಮೂರು ಸಾಲಿನ ಮೇಲೆ ತುಸು ನಿಂತದ್ದನ್ನು ನಾನು ನೋಡಿದೆ. ಆಮೇಲೆ ಹೆಬ್ಬೆರಳನ್ನು ಅಲ್ಲಿಟ್ಟು, ತಮ್ಮ ಮೇಲಿನ ದೂರನ್ನು ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದರು. ಏನೂ ಕಲಿಸುವುದಿಲ್ಲ, ಬೇಜವಾಬ್ದಾರಿಯವರು, ಇಂಥವರನ್ನು ಇಟ್ಟುಕೊಂಡರೆ ಶಾಲೆಯ ಮರ್ಯಾದೆ ಹೋಗುತ್ತದೆ. ಅಪ್ಪ ಎದುರಿಗೇ ಕೂತು, ಯಾರೋ ಬರೆದ ಅರ್ಜಿ ಕೇಳುವವರ ಹಾಗೆ ತಲೆದೂಗುತ್ತಿದ್ದರು.

"ಯಾರು ಬರದಾರ್ರಿ?"

"ಕೆಳಗ ಸಹಿ ಇಲ್ರಿ" ಎಂದರು ಅಕ್ಕೋರು.

"ಹೋಗ್ಲಿ, ಇಂಗ್ಲಿಷ್ ಆದ್ರೂ ಬರೋಬ್ಬರಿ ಐತೇನ್ರಿ?"

ಅಕ್ಕೋರು ಮತ್ತೊಮ್ಮೆ ಹಾಳೆ ನೋಡಿದರು. ಅವರ ಮುಖದಲ್ಲಿ ಬಂದ ಖುಷಿಯನ್ನು ಅವರಿಗೆ ಮುಚ್ಚಿಡಲು ಆಗಲಿಲ್ಲ.

"ಒಂದೂ ತಪ್ಪಿಲ್ರಿ."

ಅದೇ ಅವರಿಗೆ ಮುಳುವಾಯಿತು. ಚೇರ್ಮನ್ನರು ನೆಟ್ಟಗೆ ಕೂತರು. "ಹಂಗಾರ ಯಾರೋ ಭಾಳ ಕಲತವರ ಬರದಾರ. ಇದನ್ನ ಹಗರ ತಗೊಳ್ಳಾಕ ಬರೂದಿಲ್ಲ" ಎಂದರು. ಹೆಡ್ ಮಾಸ್ತರರೂ ಅಪ್ಪಂದಿರೂ ಹೌದ್ಹೌದು ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಮಂದಿ. ಅಕ್ಕೋರು ಹೆಬ್ಬೆರಳು ಎತ್ತಿದ್ದರೆ ಸಾಕಿತ್ತು. ಇದನ್ನು ಬರೆದವಳು ನನ್ನ ವಿದ್ಯಾರ್ಥಿನಿ ಎಂದಿದ್ದರೆ ದೂರು ಅಲ್ಲೇ ಬಿದ್ದು ಹೋಗುತ್ತಿತ್ತು, ಜೊತೆಗೆ ಅಪ್ಪನ ಮಾನವೂ, ಆ ಶಾಲೆಯಲ್ಲಿ ನನ್ನ ಓದೂ. ಅವರು ಎತ್ತಲಿಲ್ಲ. ನಾನೂ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬರಲಿಲ್ಲ.

ಸಭೆ ಮುಗಿದು ಹೊರಗೆ ಬಂದಾಗ ಅಕ್ಕೋರು ನನ್ನ ಹತ್ತಿರ ನಿಂತು, ಮೆಲ್ಲಗೆ, ದಿನದ ಪಾಠ ಹೇಳುವ ದನಿಯಲ್ಲಿ ಹೇಳಿದರು, "ವಿಳಾಸದಾಗ ಪಿನ್ ಕೋಡ್ ಬಿಟ್ಟಿ ನೋಡವಾ. ಇನ್ನೊಮ್ಮೆ ಮರೀಬ್ಯಾಡ." ಅವರು ಬಸ್ಸಿಗೆ ಹೋದರು.

ಜೂನಿನಲ್ಲಿ ಶಾಲೆ ಶುರುವಾದಾಗ ಅವರು ಇರಲಿಲ್ಲ. ಬಂದ ಹೊಸ ಸರ್ ಗಂಟೆಗೆ ಮೂರು ಪುಟ ಬರೆಸುವ ಶಕ್ತಿಯುಳ್ಳವರು. ನೋಟ್‌ಬುಕ್ಕುಗಳು ಊದಿದವು, ಅಪ್ಪಂದಿರು ಹಗುರಾದರು. ನಾನು ಮಾತ್ರ ಇಂಗ್ಲಿಷ್ ಗಂಟೆಯಲ್ಲಿ ಹಾಳೆಯ ಮೇಲ್ತುದಿಗೆ ವಿಳಾಸ ಬರೆದು ಬರೆದು ಹೊಡೆದುಹಾಕುತ್ತಿದ್ದೆ. ಕೊನೆಗೊಂದು ಶನಿವಾರ ಚೇರ್ಮನ್ನರಿಗೆ ಇನ್ನೊಂದು ಪತ್ರ ಬರೆದೆ. ಹೋದ ವರ್ಷದ ಅರ್ಜಿ ಬರೆದವಳು ನಾನು, ಬರೆಸಿದವರು ನಮ್ಮಪ್ಪ ಮತ್ತು ಅವರ ಗೆಳೆಯರು, ಅದರಲ್ಲಿದ್ದದ್ದು ಸುಳ್ಳು, ಅದರಲ್ಲಿ ತಪ್ಪಿರದಿದ್ದರೆ ಅದು ಅಕ್ಕೋರು ಕಲಿಸಿದ್ದಕ್ಕೆ, ದಯವಿಟ್ಟು ಅವರನ್ನು ವಾಪಸು ಕರೆಸಿರಿ. ಕೆಳಗೆ ಸಹಿ ಮಾಡಿದೆ. ಇಂಗ್ಲಿಷಿನಲ್ಲೇ ಬರೆದೆ, ಹೆದರಲಿ ಎಂದು.

ಚೇರ್ಮನ್ನರು ಹೆದರಿದರೋ ಇಲ್ಲವೋ, ಇಂಗ್ಲಿಷ್ ಕಾಗದ ಇಂಗ್ಲಿಷ್ ಸರ್‌ಗೆ ಸೇರಿದ್ದು ಎಂದು ಶಾಲೆಗೆ ಕಳಿಸಿಕೊಟ್ಟರು. ಸರ್ ಅದನ್ನು ಮುಂದಿನ ಶನಿವಾರ ನಮ್ಮ ನೋಟ್‌ಬುಕ್ಕುಗಳ ರಾಶಿಯ ಜೊತೆಗೇ ತಿದ್ದಿ ನನಗೆ ಕೊಟ್ಟರು. ಕೆಳಗೊಂದು ಕೆಂಪು ಗೀಟು, ತಾರೀಖು, 'ಗುಡ್'. ಒಂದು ಸಾಲನ್ನಾದರೂ ಓದಿದ್ದರೆ ಹಾಗೆ ಬರೆಯಲು ಅವರ ಕೈ ಬರುತ್ತಿರಲಿಲ್ಲ. ನಾನು ಶಾಲೆಯ ನಲ್ಲಿಯ ಹಿಂದೆ ಹೋಗಿ ಅತ್ತು ಬಂದೆ.

ಮರುದಿನ ರವಿವಾರ. ಊಟಕ್ಕೆ ಕೂತ ಅಪ್ಪ ನನ್ನ ಪುಸ್ತಕದಿಂದ ಇಣುಕುತ್ತಿದ್ದ ಆ ಹಾಳೆ ಎಳೆದು ನೋಡಿದರು. ಕೆಂಪು ಅಕ್ಷರ ಕಂಡು ಮುಖ ಅರಳಿತು.

"ನೋಡು, ಹೊಸಾ ಸರ್ ಬಂದಿಂದ ಹೆಂಗ ಸುಧಾರಿಸೀದಿ! ಏನ ಬರದೀ ಇದ್ರಾಗ? ಓದು, ಕೇಳೂಣು."

ನಾನು ಓದಿದೆ. ಒಂದೊಂದು ಸಾಲನ್ನೂ ಕನ್ನಡ ಮಾಡಿ, ಏನನ್ನೂ ಬಿಡದೆ. ಅಪ್ಪನ ಹೆಸರು ಬಂದಾಗಲೂ ನಿಲ್ಲಿಸಲಿಲ್ಲ. ಅವರು ಬೈಯುತ್ತಾರೆ, ಹೊಡೆದರೂ ಹೊಡೆದಾರು ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿಗೆ ಹಾಕಿದರು.

"ಅವತ್ತ ಅರ್ಜಿ ಓದುಮುಂದ ಅಕ್ಕೋರಿಗೆ ಗೊತ್ತಿತ್ತೇನ, ಅದು ನಮ್ಮದಂತ?"

"ಗೊತ್ತಿತ್ತಪ್ಪಾ. ಮ್ಯಾಲೆ ನಮ್ಮ ಮನಿ ವಿಳಾಸ ಇತ್ತು."

"ನಾ ಅಲ್ಲೇ ಎದುರಿಗೆ ಕುಂತಿದ್ನಲ್ಲ."

"ಹೌದು."

ಅಪ್ಪ ಊಟ ಬಿಟ್ಟು ಎದ್ದು, ಅಂಗಿ ಹಾಕಿಕೊಂಡು, ನನ್ನನ್ನೂ ಹೊರಡಿಸಿ ಕೆಲಗೇರಿಯ ಬಸ್ಸು ಹತ್ತಿದರು. ಅಕ್ಕೋರು ಇದ್ದ ಮನೆಯಲ್ಲಿ ಬೇರೆಯವರಿದ್ದರು. ಬೇಸಿಗೆಯಲ್ಲೇ ಮನೆ ಖಾಲಿ ಮಾಡಿದರು, ಎಲ್ಲಿಗೆ ಹೋದರೋ ಗೊತ್ತಿಲ್ಲ ಎಂದರು. ಅಪ್ಪ ಆ ಓಣಿಯ ಇನ್ನೂ ಆರು ಮನೆಗಳ ಬಾಗಿಲು ಬಡಿದು ಕೇಳಿದರು. ಪ್ರತಿ ಬಾಗಿಲಲ್ಲೂ ಮೊದಲು ತಮ್ಮ ಹೆಸರು ಹೇಳಿದರು.